ಜೀಬ್ರಾ ಮೀನಿಗೆ ಮನೆ, ಊಟ ಹೀಗಿರಲಿ

ಪುಟ್ಟ ಗಾಜಿನ ಬೋಗುಣಿಯಲ್ಲಿ ಜೀಬ್ರಾ ಮೀನು ಸಾಕುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಗಟ್ಟಿ ಜೀವ ನಿಜ, ಆದರೆ ದಿನವಿಡೀ ಓಡಾಡುವ ಜೀವ. ಗಂಗಾ, ಬ್ರಹ್ಮಪುತ್ರ ಬಯಲಿನ ಭತ್ತದ ಗದ್ದೆ, ಕಾಲುವೆ, ನಿಧಾನವಾಗಿ ಹರಿಯುವ ಹಳ್ಳದ ಅಂಚು ಇದರ ತವರು. ಅಲ್ಲಿ ನೀರಿನ ಆಳ ಕಡಿಮೆ, ಗಿಡಗಂಟಿ ಜಾಸ್ತಿ. ಮನೆಯಲ್ಲೂ ಅದೇ ಬೇಕು.

ಹಾಗಾಗಿ ಎತ್ತರದ್ದಲ್ಲ, ಉದ್ದದ ತೊಟ್ಟಿ ತನ್ನಿ. 2 ಅಡಿ ಉದ್ದ ಇದ್ದರೆ ಚೆನ್ನ. ಮೇಲೆ ಮುಚ್ಚಳ ಇರಲೇಬೇಕು, ಇವು ಹಾರುತ್ತವೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಫಿಲ್ಟರ್ ಹಾಕಿ, ಗಿಡ ನೆಟ್ಟು, ಕೆಲವು ವಾರ ಓಡಲು ಬಿಡಿ. ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಬೆಂಗಳೂರಿನ ಹವೆಗೆ ಸಾಮಾನ್ಯವಾಗಿ ಹೀಟರ್ ಬೇಕಾಗುವುದಿಲ್ಲ. ಆಮೇಲೆ ಆರೆಂಟು ಮೀನು ಒಟ್ಟಿಗೆ ತನ್ನಿ. ಒಂಟಿ ಮೀನು ಹೆದರಿ ಮೂಲೆ ಸೇರುತ್ತದೆ.

ಊಟದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಈ ಮೀನಿಗೆ ಹೊಟ್ಟೆಚೀಲವೇ ಇಲ್ಲ! ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದಕ್ಕೇ ಒಮ್ಮೆಲೇ ಸುರಿಯಬೇಡಿ. ದಿನಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಹತ್ತಿರದಿಂದ ನೋಡಿ: ಬಾಯಿ ತುಸು ಮೇಲ್ಮುಖವಾಗಿದೆ. ನೀರಿನ ಮೇಲೆ ಬಿದ್ದ ಹುಳವನ್ನು ಚಟಕ್ಕನೆ ಹಿಡಿಯಲು ಅದು ತಕ್ಕ ಬಾಯಿ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಹಾಗಾಗಿ ತೇಲುವ ಫ್ಲೇಕ್ಸ್ (ತೆಳು ಚಕ್ಕೆಯಂಥ ಒಣ ಮೀನಿನೂಟ) ಅನ್ನು ಬೆರಳಲ್ಲಿ ಪುಡಿ ಮಾಡಿಯೇ ಉದುರಿಸಿ. ಕಾಡಿನ ಹಳ್ಳದಲ್ಲಿ ಇದರ ಊಟ ಬರೀ ಹುಳುವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು, ಸ್ವಲ್ಪ ಪಾಚಿಯೂ ಸೇರುತ್ತವೆ. ವಾರದಲ್ಲಿ ಒಂದೆರಡು ದಿನ ಸೊಳ್ಳೆ ಮರಿಹುಳ ಅಥವಾ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿಯನ್ನು ಕೊಟ್ಟು ನೋಡಿ, ತೊಟ್ಟಿಯಿಡೀ ಮಿಂಚು ಹರಿದಂತಾಗುತ್ತದೆ. ಚರಂಡಿಯ ಹುಳ ಮಾತ್ರ ಬೇಡ, ರೋಗ ತರುತ್ತದೆ. ಉಳಿದ ಊಟವನ್ನು ಅಂದೇ ತೆಗೆಯಿರಿ.

ಮರಿ ಬೇಕಾ? ತಳಕ್ಕೆ ಗೋಲಿಗಳನ್ನು ಹರಡಿ. ಬೆಳಕು ಹರಿಯುತ್ತಿದ್ದಂತೆ ಇವು ಮೊಟ್ಟೆ ಇಡುತ್ತವೆ, ಸಿಕ್ಕರೆ ತಾವೇ ತಿನ್ನುತ್ತವೆ. ಗೋಲಿಗಳ ಸಂದಿಗೆ ಬಿದ್ದವು ಉಳಿಯುತ್ತವೆ. ಎರಡು ಮೂರು ದಿನದಲ್ಲಿ ಒಡೆಯುತ್ತವೆ. ಮೊಟ್ಟೆ ಪಾರದರ್ಶಕ, ಒಳಗೆ ಮರಿ ಬೆಳೆಯುವುದು ಕಾಣುತ್ತದೆ. ನಮ್ಮ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ವಿಜ್ಞಾನಿಗಳು ಮಿದುಳಿನ ಅಧ್ಯಯನಕ್ಕೆ ಈ ಮೀನನ್ನು ಸಾಕಲು ಇದೂ ಒಂದು ಕಾರಣ.

ಮರಿ ಜಾಸ್ತಿಯಾದರೆ ಸ್ನೇಹಿತರಿಗೆ ಕೊಡಿ, ಅಂಗಡಿಗೆ ವಾಪಸ್ ಕೊಡಿ. ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ.