ದೊಡ್ಡ ಬದಲಾವಣೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಮನೆ ಬದಲಾಯಿಸುವುದು, ಹೊಸ ಶಾಲೆ, ಅಪ್ಪ-ಅಮ್ಮ ಬೇರೆಯಾಗುವುದು, ಮನೆಯಲ್ಲೊಂದು ಸಾವು. ಇಂಥ ಹೊತ್ತಲ್ಲಿ ದೊಡ್ಡವರು ಮಿಕ್ಕೆಲ್ಲ ಏರ್ಪಾಡು ಅಚ್ಚುಕಟ್ಟಾಗಿ ಮಾಡುತ್ತಾರೆ. ಮಕ್ಕಳಿಗೆ ಹೇಳುವುದನ್ನು ಮಾತ್ರ ನಾಳೆ, ನಾಡಿದ್ದು ಅಂತ ಮುಂದೂಡುತ್ತಾರೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದಲೋ, ನೆಂಟರ ಬಾಯಿಂದಲೋ ಮಗುವಿಗೆ ಅರ್ಧಂಬರ್ಧ ಗೊತ್ತಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಕೆಲಸ ಕೆಡುವುದನ್ನು ನಾನು ನೋಡಿರುವುದು ಇಲ್ಲೇ.

ಹಂತ 1: ಹೇಳುವ ಮೊದಲು ದೊಡ್ಡವರು ಒಂದು ಮಾತಿಗೆ ಬನ್ನಿ. ಮಗುವಿನ ಎದುರು ವಾದ ಬೇಡ.

ಹಂತ 2: ಹೇಳಿ. ರಜೆಯ ದಿನ ಬೆಳಗ್ಗೆ ಒಳ್ಳೆಯದು. ಮಲಗುವ ಮುಂಚೆ, ಪರೀಕ್ಷೆಯ ಹಿಂದಿನ ದಿನ ಖಂಡಿತ ಬೇಡ. ಚಿಕ್ಕವರಾದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹದಿಹರೆಯದವರ ಜೊತೆ ನಡೆಯುತ್ತಾ ಮಾತಾಡುವುದು ಸುಲಭ. ಮುಖ ನೋಡಲೇಬೇಕೆಂಬ ಒತ್ತಡ ಇರುವುದಿಲ್ಲ.

ಪೀಠಿಕೆ ಹಾಕಬೇಡಿ. ಮೊದಲ ವಾಕ್ಯದಲ್ಲೇ ವಿಷಯ ಬರಲಿ: ‘ನಾನು, ಅಪ್ಪ ಇನ್ನು ಮುಂದೆ ಬೇರೆ ಬೇರೆ ಮನೆಯಲ್ಲಿ ಇರ್ತೀವಿ.’ ಆಮೇಲೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಹೇಳಿ. ‘ಸ್ಕೂಲು ಅದೇ. ರಾತ್ರಿ ಕತೆ ಓದೋದೂ ಅದೇ ಥರ.’ ಇನ್ನೂ ತೀರ್ಮಾನ ಆಗದ್ದಿದ್ದರೆ ‘ಅದು ಇನ್ನೂ ಗೊತ್ತಿಲ್ಲ, ಗೊತ್ತಾದ ದಿನವೇ ಹೇಳ್ತೀನಿ’ ಅನ್ನಿ. ‘ಎಲ್ಲ ಮೊದಲಿನ ಹಾಗೇ ಇರುತ್ತೆ’ ಅಂತ ಸುಮ್ನೆ ಮಾತು ಕೊಡಬೇಡಿ. ಸುಳ್ಳೆಂದು ಗೊತ್ತಾದ ಮೇಲೆ ನಿಮ್ಮ ಬೇರೆ ಮಾತನ್ನೂ ಮಗು ನಂಬುವುದಿಲ್ಲ.

ಸಾವಿನ ವಿಷಯದಲ್ಲಿ ‘ಸತ್ತುಹೋದರು’ ಎಂದೇ ಹೇಳಿ. ‘ನಿದ್ದೆ ಮಾಡ್ತಿದ್ದಾರೆ’ ಅಂದರೆ ಪುಟ್ಟ ಮಕ್ಕಳು ಮಲಗುವುದಕ್ಕೇ ಹೆದರಬಹುದು. ತಾನು ಹಟ ಮಾಡಿದ್ದಕ್ಕೇ ಹೀಗಾಯ್ತು ಎಂದು ಒಳಗೊಳಗೇ ಅಂದುಕೊಳ್ಳುವ ಮಕ್ಕಳೂ ಇದ್ದಾರೆ. ಹಾಗಾಗಿ ‘ಇದು ನಿನ್ನಿಂದ ಆಗಿದ್ದಲ್ಲ’ ಎನ್ನುವುದನ್ನು ಮಗು ಕೇಳದಿದ್ದರೂ ಹೇಳಿ.

ಆಮೇಲೆ ನೀವು ಸುಮ್ಮನಾಗಿ. ತುಂಬಾ ಕಷ್ಟವಾಗುವುದು ಇದೇ. ಮಗು ‘ಸರಿ, ಆಡೋಕೆ ಹೋಗ್ಲಾ?’ ಅಂದರೆ ಕಳಿಸಿ. ಪ್ರಶ್ನೆ ಎರಡು ದಿನ ಬಿಟ್ಟು, ಹಲ್ಲುಜ್ಜುವಾಗ ಬರುತ್ತದೆ. ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೂ ಅದೇ ಉತ್ತರ ಕೊಡಿ.

ಸಂತೋಷದ ಬದಲಾವಣೆಗೂ ಇದೆಲ್ಲ ಬೇಕು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು ಬದುಕಿನಲ್ಲಿ ಒತ್ತಡ ತರುವ 43 ಘಟನೆಗಳ ಪಟ್ಟಿ ಮಾಡಿದರು. ಅದರಲ್ಲಿ ಸಂಗಾತಿಯ ಸಾವಿಗೆ 100 ಅಂಕ, ಮದುವೆಗೂ 50. ದೊಡ್ಡವರಿಗೇ ಹೀಗೆ ಅಂದಮೇಲೆ, ತಮ್ಮನೋ ತಂಗಿಯೋ ಹುಟ್ಟಿದಾಗ ಮಗು ಮುಖ ಊದಿಸಿಕೊಂಡರೆ ಬೈಯುವುದು ತಪ್ಪು, ಅಲ್ವಾ?

ಹಂತ 3: ಸಣ್ಣ ಆಯ್ಕೆಗಳನ್ನು ಅವರಿಗೇ ಬಿಡಿ. ಯಾವ ಡಬ್ಬ ಕೊನೆಗೆ ಕಟ್ಟೋಣ, ಹಾಸಿಗೆ ಯಾವ ಕಡೆ ಹಾಕೋಣ, ಇಂಥವು. ‘ನಿಂಗೆ ಯಾರ ಜೊತೆ ಇರೋದಿಷ್ಟ?’ ಎಂಬ ಪ್ರಶ್ನೆಯನ್ನು ಅಪ್ಪ-ಅಮ್ಮ ಕೇಳಲೇಬಾರದು.

ಹೊಸ ಫೋನು ಕೊಡಿಸಿ ಬಾಯಿ ಮುಚ್ಚಿಸುವ ದಾರಿ ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ. ‘ಪಾಸಿಟಿವ್ ಆಗಿರಿ’ ಎನ್ನುವ ವಿಡಿಯೊಗಳೂ ಬೇಡ. ಅಳುವ ಮಗುವಿಗೆ ಅಳಬಾರದು ಅಂತ ಹೇಳುವುದು ಬಿಟ್ಟು ಅವು ಬೇರೇನೂ ಮಾಡುವುದಿಲ್ಲ.

ಹಂತ 4: ಊಟ, ನಿದ್ದೆಯ ಹೊತ್ತು ಬದಲಿಸಬೇಡಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಹಂತ 5: ಗಮನಿಸುತ್ತಿರಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು. ಬೆಳಗ್ಗೆ ಹೊಟ್ಟೆನೋವು ಬರಬಹುದು. ಹದಿಹರೆಯದವರಲ್ಲಿ ದುಃಖ ಸಿಟ್ಟಾಗಿ ಕಾಣುವುದು ಜಾಸ್ತಿ. ಇವು ಸಾಮಾನ್ಯವಾಗಿ ನಿಧಾನಕ್ಕೆ ಕಡಿಮೆಯಾಗುತ್ತವೆ. ಊಟ, ನಿದ್ದೆ, ಗೆಳೆಯರು ಎಲ್ಲ ಎರಡು ವಾರಕ್ಕಿಂತ ಹೆಚ್ಚು ಬಿಟ್ಟುಹೋದರೆ ವೈದ್ಯರಿಗೆ ತೋರಿಸಿ. ‘ಬದುಕೋದೇ ಬೇಡ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ‘ಸಾಯ್ಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡದೆ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.