ಕಲಬುರಗಿಯ ಬಿಸಿಲಲ್ಲಿ ನಾಯಿ, ಬೆಕ್ಕು ಸಾಕುತ್ತಿರುವ ನನ್ನ ಅನುಭವ

ಕಲಬುರಗಿಯಲ್ಲಿ ಯುಗಾದಿ ಹೊತ್ತಿಗೆ ಏರತೊಡಗಿದ ಬಿಸಿಲು ಜೂನ್‌ನಲ್ಲಿ ಮಳೆ ಬೀಳುವವರೆಗೂ ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿತೆಂದರೆ ಇಲ್ಲಿ ಯಾರೂ ಅದನ್ನು ದೊಡ್ಡ ಸುದ್ದಿ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಮುಧೋಳ ನಾಯಿ ಬಾಣ, ಬೀದಿಯಿಂದ ಬಂದು ನಮ್ಮವನೇ ಆಗಿಬಿಟ್ಟ ಕರಿಯ, ಬೆಳ್ಳಿ ಮತ್ತು ಗುಂಡ ಎಂಬ ಎರಡು ಬೆಕ್ಕು ಇವೆ. ಇವುಗಳ ಜೊತೆ ಹಲವು ಬೇಸಿಗೆ ಕಳೆದ ಮೇಲೆ ನನಗೆ ಖಾತ್ರಿಯಾಗಿರುವುದೇನೆಂದರೆ, ಇಂಥ ಊರಲ್ಲಿ ಪ್ರಾಣಿಗಳ ಆರೋಗ್ಯ ಬಹುಪಾಲು ನಿಂತಿರುವುದು ಮನೆಯ ನೆಲ, ಗೋಡೆ, ನೀರಿನ ಬೋಗುಣಿ ಮತ್ತು ಅವನ್ನು ಹೊರಗೆ ಕರೆದೊಯ್ಯುವ ಹೊತ್ತಿನ ಮೇಲೆ. ಔಷಧದ ಸರದಿ ಆಮೇಲೆ.

ನೆಲದಿಂದಲೇ ಶುರು ಮಾಡುತ್ತೇನೆ. ನಮ್ಮದು ಹಳೆಯ ಮನೆ, ಪಡಸಾಲೆಗೆ ಶಹಾಬಾದ್ ಫರಸಿ ಹಾಸಿದೆ. ಹನ್ನೊಂದು ಗಂಟೆಯಾಗುತ್ತಿದ್ದಂತೆ ಬಾಣ ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಹೊಟ್ಟೆಯನ್ನು ಕಲ್ಲಿಗೆ ಪೂರ್ತಿ ಅಂಟಿಸಿ ಮಲಗುತ್ತಾನೆ. ಹೊಟ್ಟೆ ಮತ್ತು ತೊಡೆಸಂದಿಯಲ್ಲಿ ಕೂದಲು ತೆಳ್ಳಗಿರುವುದರಿಂದ ಮೈಯ ಕಾವು ಅಲ್ಲಿಂದ ಕಲ್ಲಿಗೆ ಇಳಿಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಲ್ಲಿ ಚೂರು ಬೆವರು ಬರುತ್ತದೆ ಅಷ್ಟೇ. ಮಿಕ್ಕ ಕಾವನ್ನೆಲ್ಲ ಅದು ನಾಲಿಗೆ ಚಾಚಿ ತೇಕಿಯೇ ಹೊರಹಾಕಬೇಕು. ಹಾಗಾಗಿ ಬೇಸಿಗೆ ಬಂತೆಂದರೆ ಜಮಖಾನೆ, ಹಾಸಿಗೆ ಎಲ್ಲ ಸುತ್ತಿ ಮೇಲಿಡುತ್ತೇನೆ. ಮಧ್ಯಾಹ್ನಕ್ಕೆ ಮುಂಚೆ ನೆಲವನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆರ್‌ಸಿಸಿ ಸೂರಿನ ಮೇಲಂತಸ್ತಿನಲ್ಲಿ ಇರುವವರಿಗೆ ನೆಲವೂ ಕಾಯುತ್ತದೆ, ಸೂರೂ ಕಾಯುತ್ತದೆ. ಅಂಥವರು ಗೋಣಿಚೀಲ ನೆನೆಸಿ ಹಾಸಿ, ಮೇಲೆ ಫ್ಯಾನ್ ಹಾಕಬೇಕು. ತಗಡಿನ ಶೆಡ್ಡಿನಲ್ಲಿ ನಾಯಿ ಕಟ್ಟುವುದನ್ನಂತೂ ಈ ಮೂರು ತಿಂಗಳು ಪೂರ್ತಿ ಬಿಡಬೇಕು. ನೆರಳಿದ್ದರೂ ಅದು ಒಲೆಯೇ.

ಕೂಲರ್ ನಮ್ಮ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಇಲ್ಲಿಯ ಬಿಸಿಲು ಒಣ ಬಿಸಿಲು. ಮಂಗಳೂರಲ್ಲಿರುವ ನನ್ನ ತಂಗಿ ಅದನ್ನೇ ತಂದಿಟ್ಟರೆ ಪ್ರಯೋಜನವಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಕೂಲರಿನ ನೀರೂ ಆರುವುದಿಲ್ಲ, ತೇಕುವ ನಾಯಿಯ ನಾಲಿಗೆಯ ನೀರೂ ಆರುವುದಿಲ್ಲ. ಅದಕ್ಕೇ ಕರಾವಳಿಯಲ್ಲಿ 33-34 ಡಿಗ್ರಿಗೇ ನಾಯಿಗಳು ಸೋತುಹೋಗುತ್ತವೆ. ಅವಳು ಮಧ್ಯಾಹ್ನ ಎಸಿ ರೂಮಿನ ಬಾಗಿಲು ನಾಯಿಗೆಂದೇ ತೆರೆದಿಡುತ್ತಾಳೆ. ಅದು ಐಷಾರಾಮವಲ್ಲ.

ನೀರಿಗೆ ನಾನು ಅಗಲ ಬಾಯಿಯ ಮಣ್ಣಿನ ಬೋಗುಣಿಗಳನ್ನೇ ಇಡುತ್ತೇನೆ, ಅದೂ ಮನೆಯ ಮೂರ್ನಾಲ್ಕು ಕಡೆ. ದಿನಾ ತಿಕ್ಕಿ ತೊಳೆಯಬೇಕು. ಬೋಗುಣಿಯ ಒಳಗೆ ಬೆರಳಾಡಿಸಿದಾಗ ಲೋಳೆ ಹತ್ತಿದರೆ ಆ ನೀರನ್ನು ಬೆಕ್ಕು ಮೂಸಿಯೂ ನೋಡುವುದಿಲ್ಲ. ನಾಯಿಗೆ ಸಾಮಾನ್ಯ ದಿನದಲ್ಲೇ ಕಿಲೋ ತೂಕಕ್ಕೆ 50ರಿಂದ 60 ಮಿಲಿ ನೀರು ಬೇಕು. ಅಂದರೆ 15 ಕಿಲೋ ತೂಗುವ ಕರಿಯನಿಗೆ ಮುಕ್ಕಾಲು ಲೀಟರಿನ ಮೇಲೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಾಯಿ ಕೇಳಿ ಕುಡಿಯುತ್ತದೆ. ಬೆಕ್ಕಿನದೇ ಚಿಂತೆ. ಅದರ ಮೂಲ ಮರುಭೂಮಿ ಸೀಮೆಯದು, ಬಾಯಾರಿಕೆಯೇ ಕಡಿಮೆ. ಮೇಲೆ ನಾವು ಒಣ ಕಾಳಿನಂಥ ಆಹಾರವನ್ನೇ ಹಾಕಿದರೆ ಮೂತ್ರ ಗಟ್ಟಿಯಾಗುತ್ತಾ ಹೋಗುತ್ತದೆ.

ಗುಂಡನಿಗೆ ಆದದ್ದು ಅದೇ. ಮೇಲಿಂದ ಮೇಲೆ ಮರಳಿನ ಟ್ರೇಗೆ ಹೋಗಿ ಕೂರುವುದು, ತಿಣುಕುವುದು, ಒಂದು ಹನಿಯೂ ಬೀಳದೆ ಎದ್ದು ಬಂದು ಹಿಂಭಾಗ ನೆಕ್ಕಿಕೊಳ್ಳುವುದು. ನೋಡಿದವರು ಮಲಬದ್ಧತೆ ಅಂದುಕೊಳ್ಳುತ್ತಾರೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ಹರಳು ಕಟ್ಟಿ ಮುಚ್ಚಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಅವತ್ತೇ ಒಯ್ದು ನಳಿಕೆ ಹಾಕಿಸಿದ್ದರಿಂದ ಗುಂಡ ಉಳಿದ. ಆಮೇಲಿಂದ ಎರಡೂ ಬೆಕ್ಕಿಗೆ ಬೇಯಿಸಿದ ಕೋಳಿ ಬಿಡಿಸಿ, ಬೇಯಿಸಿದ ನೀರನ್ನೂ ಅದಕ್ಕೇ ಸುರಿದು ಕೊಡುತ್ತೇನೆ. ಕೋಳಿ ಒಂದೇ ಎಲ್ಲ ಪೋಷಣೆ ಕೊಡುವುದಿಲ್ಲವಾದ್ದರಿಂದ ಬೆಕ್ಕಿನ ರೆಡಿ ಆಹಾರವನ್ನೂ ನೀರಲ್ಲಿ ನೆನೆಸಿ ಜೊತೆಗಿಡುತ್ತೇನೆ. ನೀರಿನ ಬೋಗುಣಿಯನ್ನು ಊಟದ ತಟ್ಟೆಯಿಂದ ದೂರ ಸರಿಸಿದ ಮೇಲೆ ಬೆಳ್ಳಿ ಕುಡಿಯುವುದು ಹೆಚ್ಚಾಯಿತು.

ನಾಯಿಗಳಿಗೆ ಬೇಸಿಗೆಯಲ್ಲಿ ಜೋಳದ ಅಂಬಲಿ ಆರಿಸಿ, ಮಜ್ಜಿಗೆ ಬೆರೆಸಿ ಹಾಕುತ್ತೇನೆ. ನಮ್ಮಜ್ಜಿ ಹೊಲದ ನಾಯಿಗೆ ಹಾಕುತ್ತಿದ್ದದ್ದೂ ಅದನ್ನೇ. ಒಗ್ಗರಣೆ ಮಾತ್ರ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಬೇಗ. ವಿಜಯಪುರದ ದ್ರಾಕ್ಷಿ, ಒಣದ್ರಾಕ್ಷಿ ನಮ್ಮ ಕಡೆ ಮನೆಮನೆಯಲ್ಲೂ ಇರುತ್ತದೆ. ಅದನ್ನು ನಾಯಿಗೆ ಒಂದೂ ಹಾಕಬಾರದು, ಮೂತ್ರಪಿಂಡ ಕೆಡುತ್ತದೆ. ಊಟ ಬೆಳಿಗ್ಗೆ ಬೇಗ ಒಮ್ಮೆ, ರಾತ್ರಿ ತಂಪಾದ ಮೇಲೆ ಒಮ್ಮೆ. ತಿನ್ನದೆ ಉಳಿಸಿದ್ದನ್ನು ತಟ್ಟೆಯಲ್ಲೇ ಬಿಟ್ಟರೆ ಈ ಸೆಕೆಗೆ ಬೇಗ ಹಳಸುತ್ತದೆ.

ವಾಕಿಂಗ್ ಬೆಳಗಿನ ಆರಕ್ಕೆ ಮುಂಚೆ, ರಾತ್ರಿ ಎಂಟರ ಮೇಲೆ. ಸಂಜೆ ಗಾಳಿ ತಂಪಾಗಿದ್ದರೂ ಡಾಂಬರು ರಸ್ತೆ ಕಾದೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮನೆಗೆ ವಾಪಸ್.

ಈಗ ಉಣ್ಣಿ. ನನ್ನ ಅನುಭವದಲ್ಲಿ ಬಿಸಿಲಿಗಿಂತ ಹೆಚ್ಚು ನಾಯಿಗಳನ್ನು ತಿಂದದ್ದು ಇದೇ. ಕರಿಯ ಒಂದು ಮೇ ತಿಂಗಳಲ್ಲಿ ಊಟ ಬಿಟ್ಟ. ಸೆಕೆಗೆ ಹೀಗಾಗಿದೆ ಎಂದು ಎಲ್ಲರೂ ಹೇಳಿದರು. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿತ್ತು, ಮೂಗಿನಲ್ಲಿ ರಕ್ತದ ಸಣ್ಣ ಗೆರೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಹಳ ಇಳಿದಿದ್ದವು. ಎರ್ಲಿಕಿಯಾ ಎಂಬ ರೋಗಾಣುವಿನಿಂದ ಬರುವ ಉಣ್ಣಿ ಜ್ವರ ಅದು. ಡಾಕ್ಟರು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟು ಹೇಳಿದ ಮಾತು ಇನ್ನೂ ನೆನಪಿದೆ: "ನೋಡ್ರಿ ಅಕ್ಕಾರ, ನಾಯಿ ಒಂದಕ್ಕ ಔಷಧ ಹಾಕಿದ್ರ ಆಗೂದಿಲ್ಲ, ನಿಮ್ಮ ಮನಿ ಗ್ವಾಡಿಗೂ ಹಾಕ್ಬೇಕು."

ನಾಯಿ ಉಣ್ಣಿ ತನ್ನ ಬದುಕಿನ ಹೆಚ್ಚಿನ ಕಾಲ ಕಳೆಯುವುದು ನಾಯಿಯ ಮೈಮೇಲಲ್ಲ. ರಕ್ತ ಕುಡಿದು ಹಲಸಂದೆ ಕಾಳಿನಷ್ಟು ಉಬ್ಬಿದ ಹೆಣ್ಣು ಉಣ್ಣಿ ಕೆಳಗುದುರಿ, ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಟಾರ್ಚ್ ಹಿಡಿದು ಹುಡುಕಿದಾಗ ನಮ್ಮ ಮನೆಯಲ್ಲಿ ಅವು ಸಿಕ್ಕಿದ್ದು ಬಾಗಿಲ ಚೌಕಟ್ಟಿನ ಹಿಂದೆ, ಸ್ವಿಚ್ ಬೋರ್ಡಿನ ಅಂಚಿನಲ್ಲಿ, ಹೊರಸಿನ ಕೀಲುಗಳಲ್ಲಿ. ಬಿರುಕುಗಳಿಗೆಲ್ಲ ಸಿಮೆಂಟ್ ತುಂಬಿಸಿದೆವು. ಡಾಕ್ಟರು ಹೇಳಿದ ಔಷಧವನ್ನು ಹೇಳಿದ ಅಳತೆಯಲ್ಲಿ ಗೋಡೆಗೆ ಹೊಡೆದು, ಪೂರ್ತಿ ಒಣಗುವವರೆಗೆ ನಾಲ್ಕೂ ಪ್ರಾಣಿಗಳನ್ನು ಹೊರಗಿಟ್ಟೆವು. ಮೊಟ್ಟೆ ಔಷಧಕ್ಕೆ ಸುಲಭವಾಗಿ ಸಾಯುವುದಿಲ್ಲ, ಅದಕ್ಕೇ ಎರಡು ವಾರ ಬಿಟ್ಟು ಮತ್ತೆ ಮತ್ತೆ ಹೊಡೆಯಬೇಕು. ಮೈಮೇಲೆ ಕಂಡ ಉಣ್ಣಿಯನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕುತ್ತೇನೆ. ಉಗುರಲ್ಲಿ ಕುಕ್ಕುವುದಿಲ್ಲ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ರಾತ್ರಿ ಒಮ್ಮೆ ಕೈಯಾಡಿಸುವುದು ನಮ್ಮ ರೂಢಿ. ಮಾತ್ರೆ ಶುರುವಾದ ಕೆಲವೇ ದಿನಕ್ಕೆ ಕರಿಯ ಎದ್ದು ಓಡಾಡಿದ, ಆದರೂ ಕೋರ್ಸ್ ಪೂರ್ತಿ ಮುಗಿಸಿದೆವು. ನಡುವೆ ನಿಲ್ಲಿಸಿದರೆ ರೋಗ ಒಳಗೇ ಉಳಿದುಬಿಡಬಹುದು.

ಬೆಕ್ಕು ಇರುವ ಮನೆಯವರಿಗೆ ಕೈಮುಗಿದು ಹೇಳುತ್ತೇನೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಉಣ್ಣಿ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ, ಹಸಿಯಾಗಿರುವಾಗ ನಾಯಿಯ ಮೈಗೆ ಬೆಕ್ಕು ಒರಗಲೂ ಬಿಡಬೇಡಿ. ನಡುಕ, ಫಿಟ್ಸ್ ಬಂದು ಸಾಯುತ್ತದೆ. ಜ್ವರ ಬಂದಿದೆ ಎಂದು ಪ್ಯಾರಾಸಿಟಮಾಲ್ ಕೂಡ ಕೊಡಬೇಡಿ. ಒಂದು ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು.

ಬಿಸಿಲು ಬಡಿದ ನಾಯಿಯನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮ ಓಣಿಯ ಒಂದು ಪಗ್. ಮೂಗು ಚಪ್ಪಟೆಯಿರುವ ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕು ಇವುಗಳಿಗೆ ಸರಿಯಾಗಿ ತೇಕಲೂ ಆಗುವುದಿಲ್ಲ. ಮಧ್ಯಾಹ್ನ ಮಾಳಿಗೆಯ ಬಾಗಿಲು ಹಾಕಿಕೊಂಡು ಅದು ಮೇಲೆಯೇ ಉಳಿದಿತ್ತು. ಕರೆ ಬಂದು ನಾನು ಹೋದಾಗ ಒಸಡು ಇಟ್ಟಿಗೆಯಂತೆ ಕೆಂಪಾಗಿ, ಜೊಲ್ಲು ಗೋಂದಿನಂತೆ ಅಂಟಂಟಾಗಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 106 ಫ್ಯಾರನ್‌ಹೀಟ್ ದಾಟಿತ್ತು. ಆರೋಗ್ಯವಂತ ನಾಯಿಗೆ 101ರಿಂದ 102.5 ಇರಬೇಕು. ಆಸ್ಪತ್ರೆಗೆ ಓಡುವ ಮೊದಲೇ ತಂಪು ಮಾಡಬೇಕು. ನೆರಳಿಗೆ ತಂದು ಹೊಟ್ಟೆ, ಕಂಕುಳು, ತೊಡೆಸಂದಿ, ಅಂಗಾಲಿಗೆ ಪೈಪಿನಿಂದ ನೀರು ಬಿಟ್ಟೆವು. ಪೈಪಿನಲ್ಲಿ ನಿಂತು ಕಾದ ಮೊದಲ ನೀರನ್ನು ನೆಲಕ್ಕೆ ಹೋಗಲು ಬಿಟ್ಟು ಆಮೇಲೆ. ಟೇಬಲ್ ಫ್ಯಾನ್ ಎದುರಿಗೆ ಹಚ್ಚಿದೆವು. ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಅದೇ ಕಾದು ಶಾಖವನ್ನು ಒಳಗೆ ಹಿಡಿದಿಡುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಸುರಿಯಲೂಬಾರದು. 103ಕ್ಕೆ ಇಳಿದಾಗ ನೀರು ನಿಲ್ಲಿಸಿ, ಆಟೋದ ಎರಡೂ ಬದಿ ಪರದೆ ಎತ್ತಿಸಿಕೊಂಡು ಡಾಕ್ಟರ ಬಳಿ ಹೋದೆವು. ಅಷ್ಟೊತ್ತಿಗೆ ಅದು ಬಾಲ ಅಲ್ಲಾಡಿಸುತ್ತಿತ್ತು, ಇನ್ನು ಮನೆಗೆ ಒಯ್ಯೋಣ ಎಂದರು ಅದನ್ನು ಸಾಕಿದವರು. ಆದರೆ ಮರುದಿನ ರಕ್ತಭೇದಿ ಶುರುವಾಯಿತು. ಮೂತ್ರಪಿಂಡ, ಕರುಳು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಇವು ಕೆಡುವುದು ಎರಡು ಮೂರು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯಲ್ಲೇ ಡ್ರಿಪ್ ಮೇಲೆ ಇದ್ದದ್ದರಿಂದ ಆ ಪಗ್ ಬದುಕಿತು. ಬೆಕ್ಕಿನ ವಿಷಯದಲ್ಲಿ ಇಷ್ಟು ಹೊತ್ತು ಕಾಯಬೇಕಿಲ್ಲ. ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕಿತೆಂದರೆ ಆಗಲೇ ಅಪಾಯ.

ಸೆಕೆ ಎಂದು ಪಾಮೇರಿಯನ್, ಲ್ಯಾಬ್ರಡಾರ್‌ಗಳ ಮೈ ಬೋಳಿಸಬೇಡಿ. ಬಾಚಣಿಗೆಯಿಂದ ಒಳಗಿನ ಸತ್ತ ಕೂದಲು ತೆಗೆದರೆ ಸಾಕು, ಮೇಲಿನ ಕೂದಲು ಬಿಸಿಲಿಗೆ ತಡೆ. ಬಿಳಿ ಬೆಕ್ಕಿನ ಕಿವಿತುದಿ ಬಿಸಿಲಿಗೆ ಸುಟ್ಟು ಮುಂದೆ ಕ್ಯಾನ್ಸರ್ ಆಗುವುದೂ ಉಂಟು. ಬೆಳ್ಳಿಯನ್ನು ಮಧ್ಯಾಹ್ನ ಕಿಟಕಿ ಕಟ್ಟೆಗೆ ಬಿಡುವುದಿಲ್ಲ.

ಈಚೆಗೆ ಇಲ್ಲಿಯೂ ಹಸ್ಕಿ ಮರಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿದ್ದಾರೆ. ಹಿಮದಲ್ಲಿ ಬಂಡಿ ಎಳೆಯುವ ನಾಯಿಯನ್ನು ಕಲಬುರಗಿಗೆ ತರುವುದು ಆ ಜೀವಕ್ಕೆ ಕೊಡುವ ಶಿಕ್ಷೆ ಎಂದೇ ನಾನು ಅವರಿಗೆ ಹೇಳುತ್ತೇನೆ. ತಳಿಯ ನಾಯಿಯೇ ಬೇಕಿದ್ದರೆ ನಮ್ಮದೇ ಮುಧೋಳವಿದೆ, ತೆಳ್ಳಗಿನ ಮೈ, ಗಿಡ್ಡ ಕೂದಲು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಇಲ್ಲವೇ ಓಣಿಯ ಮರಿಯೊಂದನ್ನು ಎತ್ತಿಕೊಳ್ಳಿ, ಈ ಬಿಸಿಲಿಗೇ ಹುಟ್ಟಿದ್ದು ಅದು. ಯಾವುದೇ ಮರಿಯಾಗಲಿ, ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ರೋಗಗಳ ಲಸಿಕೆ ಶುರು ಮಾಡಿ, ಹದಿನಾರು ವಾರದವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಹಾಕಿಸಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆಗೆ ಒಯ್ಯುವಾಗಲೂ ಬೆಳಗಿನ ಹೊತ್ತೇ ಕೇಳಿಕೊಳ್ಳಿ.