ಪೋನಿಗೆ ಜೀನು ಕೊಳ್ಳುವ ಮೊದಲು ಬೆನ್ನನ್ನು ಕಾಗದಕ್ಕಿಳಿಸಿ

ಹೊಸ ಪೋನಿ ಬಂದ ವಾರದಲ್ಲೇ ಜೀನಿನ ಹುಡುಕಾಟ ಶುರುವಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಅಗ್ಗಕ್ಕೆ ಸಿಕ್ಕ ಜೀನನ್ನು ತಂದು, ಆಮೇಲೆ ಪೋನಿಯನ್ನು ಅದಕ್ಕೆ ಒಗ್ಗಿಸಲು ಹೋಗುತ್ತಾರೆ. ಮೆತ್ತೆ ಮೇಲೆ ಮೆತ್ತೆ ಹಾಕಿ ನೋಡಿ, ಕೊನೆಗೆ ಇನ್ನೊಂದು ಜೀನು ಕೊಳ್ಳುತ್ತಾರೆ. ನಿಜಕ್ಕೂ ದುಬಾರಿಯಾಗುವುದು ಆ ಎರಡನೆಯ ಖರೀದಿ.

ಜೀನಿನ ಮಟ್ಟಿಗೆ ಪೋನಿ ಎಂದರೆ ಗಿಡ್ಡ ಕುದುರೆಯಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿರುವ ದಿಬ್ಬ ಅದಕ್ಕೆ ತಗ್ಗಾಗಿರುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು. ಹೆಗಲು ಅಗಲ, ಹೊಟ್ಟೆ ಪೀಪಾಯಿಯ ಹಾಗೆ ದುಂಡಗೆ, ಬೆನ್ನು ಚಪ್ಪಟೆ ಮತ್ತು ಚಿಕ್ಕದು. ಎತ್ತರದ ದಿಬ್ಬವಿರುವ ತೆಳು ಮೈಯ ಕುದುರೆಗೆಂದು ಮಾಡಿದ ಹಳೆಯ ಚರ್ಮದ ಜೀನು ಎಷ್ಟೇ ಚೆನ್ನಾಗಿದ್ದರೂ ಇಂಥ ಬೆನ್ನನ್ನು ಚಿಮಟದಂತೆ ಹಿಡಿಯುತ್ತದೆ.

ಬೆನ್ನಿನ ನಕ್ಷೆ

ಚಿತ್ರಕಲೆಯ ಸಾಮಾನು ಮಾರುವಲ್ಲಿ ಬಾಗಿಸಿದರೆ ಹಾಗೆಯೇ ನಿಲ್ಲುವ ರಬ್ಬರಿನ ಅಳತೆಪಟ್ಟಿ ಸಿಗುತ್ತದೆ. ಫ್ಲೆಕ್ಸಿಬಲ್ ಕರ್ವ್ ಎಂದು ಕೇಳಿ, 60 ಸೆಂ.ಮೀ. ಉದ್ದದ್ದು ಸಾಕು. ಪೋನಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಾಲ್ಕೂ ಕಾಲಿನ ಮೇಲೆ ಸಮವಾಗಿ ನಿಲ್ಲಿಸಿ. ತಲೆ ನೇರ ಮುಂದಕ್ಕಿರಲಿ. ಮೇಯುತ್ತಾ ತಲೆ ತಗ್ಗಿಸಿದರೆ ಬೆನ್ನಿನ ಆಕಾರವೇ ಬದಲಾಗುತ್ತದೆ.

ಹೆಗಲಿನ ಎಲುಬಿನ ಹಿಂದಿನ ಅಂಚನ್ನು ಬೆರಳಿನಿಂದ ಒತ್ತಿ ಹುಡುಕಿ. ಅಲ್ಲಿಂದ ಮೂರು ಬೆರಳು ಹಿಂದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಎರಡೂ ಬದಿ ಮೈಗೆ ಅಂಟುವಂತೆ ಒತ್ತಿ. ಆಕಾರ ಕೆಡದಂತೆ ಎತ್ತಿ ದೊಡ್ಡ ಕಾಗದದ ಮೇಲಿಟ್ಟು ಒಳ ಅಂಚಿನ ಗುಂಟ ಗೆರೆ ಎಳೆಯಿರಿ. ಎಡ, ಬಲ, ತಾರೀಖು ಬರೆಯುವುದನ್ನು ಮರೆಯಬೇಡಿ. ಎರಡನೆಯ ಗೆರೆ 10 ಸೆಂ.ಮೀ. ಹಿಂದೆ, ಮೂರನೆಯದು ಕೊನೆಯ ಪಕ್ಕೆಲುಬಿನ ಬಳಿ. ನಾಲ್ಕನೆಯದು ಬೆನ್ನಿನ ಉದ್ದಕ್ಕೆ, ದಿಬ್ಬದಿಂದ ಹಿಂದಕ್ಕೆ. ಬೆನ್ನು ಹಲಗೆಯಂತಿದೆಯೋ ತೊಟ್ಟಿಲಿನಂತೆ ಬಾಗಿದೆಯೋ ಎಂಬುದನ್ನು ಹೇಳುವುದು ಈ ಗೆರೆ. ಜೀನು ಕೊಳ್ಳುವವರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಇದನ್ನೇ.

ಕೊನೆಯ ಪಕ್ಕೆಲುಬನ್ನು ಹುಡುಕುವಾಗ ಒಂದು ಎಚ್ಚರ. ಹೊಟ್ಟೆಯ ಬದಿಯಲ್ಲಿ ಕೈಗೆ ಸಿಗುವ ಜಾಗದಿಂದ ನೇರ ಮೇಲಕ್ಕೆ ಗೆರೆ ಎಳೆದರೆ ತಪ್ಪಾಗುತ್ತದೆ. ಎಲುಬು ಮೇಲೇರುತ್ತಾ ಮುಂದಕ್ಕೆ ವಾಲುತ್ತದೆ. ಬೆರಳಿನಿಂದ ಎಲುಬನ್ನೇ ಹಿಂಬಾಲಿಸಿ ಬೆನ್ನಿನ ತನಕ ಹೋಗಿ. ಹೆಗಲಿನ ಎಲುಬಿನ ಹಿಂದಿನ ಅಂಚಿನಿಂದ ಈ ಗುರುತಿನವರೆಗಿನ ಉದ್ದವೇ ಜೀನು ಭಾರ ಹಾಕಬಹುದಾದ ಜಾಗ. ಅದಕ್ಕಿಂತ ಹಿಂದಕ್ಕೆ ಹೋದರೆ ಅಡಿಯಲ್ಲಿ ಪಕ್ಕೆಲುಬಿನ ಆಸರೆಯಿಲ್ಲ, ಭಾರ ಬೀಳುವುದು ಸೊಂಟದ ಮೇಲೆ. ಸವಾರರ ಮೈಗೆ ಬೇಕಾದ ಸೀಟು ಈ ಉದ್ದದಲ್ಲಿ ಹಿಡಿಸದಿದ್ದರೆ, ಅಡಿಯ ಪ್ಯಾನೆಲ್, ಅಂದರೆ ಬೆನ್ನಿಗೆ ತಾಗುವ ದಿಂಬು, ಚಿಕ್ಕದಿರುವ ಮಾದರಿ ಹುಡುಕಬೇಕು. ಅದೂ ಹಿಡಿಸದಿದ್ದರೆ ಆ ಪೋನಿಗೆ ಆ ಸವಾರರು ದೊಡ್ಡವರಾದರು ಎಂದೇ ಅರ್ಥ. ಯಾವ ಜೀನೂ ಅದನ್ನು ಸರಿಮಾಡದು.

ಮೊದಲ ಗೆರೆಯ ಆಕಾರಕ್ಕೆ ರಟ್ಟು ಕತ್ತರಿಸಿ ಜೊತೆಗಿಟ್ಟುಕೊಳ್ಳಿ. ಜೀನಿನ ಮುಂಭಾಗದ ಅಡಿಗೆ ಹಿಡಿದಾಗ ರಟ್ಟಿನ ಇಳಿಜಾರೂ ಪ್ಯಾನೆಲ್ಲಿನ ಇಳಿಜಾರೂ ಜೊತೆಜೊತೆಗೆ ಸಾಗಬೇಕು. ಎರಡು ಹೆಗಲು ಒಂದೇ ಸಮ ಇರುವ ಪೋನಿ ಅಪರೂಪ. ದೊಡ್ಡ ಬದಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಜೀನಿನ ಮೇಲೆ ಬರೆದ ‘ವೈಡ್’, ‘ಮೀಡಿಯಂ’ಗಳನ್ನು ನಂಬಬೇಡಿ. ಒಬ್ಬ ತಯಾರಕನ ವೈಡ್ ಇನ್ನೊಬ್ಬನ ಮೀಡಿಯಂ ಆಗಿರಬಹುದು. ಅಗಲ ಕೂಡಿಬಂದರೂ ಕೋನ ತಪ್ಪಬಹುದು.

ದುಡ್ಡು ಎಲ್ಲಿ ಹಾಕಬೇಕು

ಹೊಸ ಅಗ್ಗದ ಚರ್ಮಕ್ಕಿಂತ ಒಳ್ಳೆಯ ತಯಾರಿಕೆಯ ಹಳೆಯ ಸಿಂಥೆಟಿಕ್ ಜೀನು ವಾಸಿ. ಹಗುರ, ಒದ್ದೆಯಾದರೂ ಒರೆಸಿದರೆ ಆಯಿತು, ಮತ್ತೆ ಮಾರುವುದೂ ಸುಲಭ. ವಿಂಟೆಕ್, ಥರೋಗುಡ್‌ನಂಥ ತಯಾರಕರ ಹಲವು ಮಾದರಿಗಳಲ್ಲಿ ಮುಂಭಾಗದ ಲೋಹದ ಕಮಾನನ್ನು ಬಿಚ್ಚಿ ಬೇರೆ ಅಗಲದ್ದನ್ನು ಹಾಕಬಹುದು. ಬೆಳೆಯುವ ಅಥವಾ ಹುಲ್ಲು ಚಿಗುರಿದ ಕಾಲದಲ್ಲಿ ಉಬ್ಬುವ ಪೋನಿಗೆ ಇದು ವರದಾನ. ಆದರೆ ಕಮಾನು ಬದಲಾದರೆ ಬದಲಾಗುವುದು ಮುಂಭಾಗ ಮಾತ್ರ. ಜೀನಿನೊಳಗೆ ಉದ್ದಕ್ಕಿರುವ ಚೌಕಟ್ಟಿನ ಬಾಗು ಹಾಗೇ ಉಳಿಯುತ್ತದೆ. ಬಾಗಿದ ಚೌಕಟ್ಟು ಚಪ್ಪಟೆ ಬೆನ್ನಿನ ಮೇಲೆ ಯಾವ ಕಮಾನು ಹಾಕಿದರೂ ತೂಗುಕುರ್ಚಿಯೇ.

ಇರುವ ದುಡ್ಡನ್ನೆಲ್ಲ ಜೀನಿಗೇ ಸುರಿಯಬೇಡಿ. ಜೀನು ಫಿಟ್ಟರ್ ಒಮ್ಮೆ ಬಂದು ನೋಡುವುದಕ್ಕೆ, ಪ್ಯಾನೆಲ್ಲಿನ ಉಣ್ಣೆ ಸರಿಪಡಿಸುವುದಕ್ಕೆ, ಹೊಟ್ಟೆಯಡಿ ಹಾಯ್ದು ಜೀನನ್ನು ಹಿಡಿದಿಡುವ ಸರಿಯಾದ ಗರ್ತ್‌ಗೆ ಒಂದು ಪಾಲು ತೆಗೆದಿಡಿ. ಉಣ್ಣೆ ತುಂಬಿದ ಪ್ಯಾನೆಲ್ ಇದ್ದರೆ ಸ್ವಲ್ಪ ತೆಗೆದು, ಸ್ವಲ್ಪ ಸೇರಿಸಿ ಹೊಂದಿಸಬಹುದು. ಫೋಮಿನದಕ್ಕೆ ಆ ಸೌಲಭ್ಯವಿಲ್ಲ.

ಹಳೆಯ ಜೀನನ್ನು ಕೈಗೆತ್ತಿಕೊಂಡಾಗ ಮೊದಲು ಒಳಚೌಕಟ್ಟನ್ನು ನೋಡಿ. ಮುಂಭಾಗವನ್ನು ತೊಡೆಗೆ ಒತ್ತಿಕೊಂಡು ಹಿಂಭಾಗವನ್ನು ನಿಮ್ಮತ್ತ ಎಳೆಯಿರಿ. ಸ್ಪ್ರಿಂಗ್ ಚೌಕಟ್ಟು ಸ್ವಲ್ಪ ಬಾಗಿ ಹಿಂದಕ್ಕೆ ಪುಟಿಯುತ್ತದೆ. ಸೀಟಿನ ನಡುವೆ ಮಡಿಕೆ ಬಿದ್ದು ಸಡಿಲವಾಗಿ ಮಡಚಿದರೆ, ಕರಕರ ಸದ್ದಾದರೆ ಬಿಟ್ಟುಬಿಡಿ. ಮುಂಭಾಗದ ಎರಡು ತುದಿಗಳನ್ನು ಹಿಡಿದು ಒಳಕ್ಕೂ ಹೊರಕ್ಕೂ ಒತ್ತಿ, ಅಲ್ಲಾಡಿದರೂ ಬೇಡ. ಮುರಿದ ಚೌಕಟ್ಟನ್ನು ರಿಪೇರಿ ಮಾಡಿಸುವುದರಲ್ಲಿ ಲಾಭವಿಲ್ಲ. ಬಳಿಕ ಹಿಂದಿನಿಂದ ನೋಡಿ, ತಿರುಚಿದೆಯೇ ಎಂದು. ಗರ್ತ್ ಸಿಕ್ಕಿಸುವ ಪಟ್ಟಿಗಳ ಹೊಲಿಗೆಯನ್ನು ಜಗ್ಗಿ ನೋಡಿ, ಪ್ಯಾನೆಲ್ಲಿನ ಮೇಲೆ ಅಂಗೈ ಸವರಿ ಗಂಟುಗಳಿವೆಯೇ ಎಂದು ತಡವಿ. ಪಟ್ಟಿ ಹೊಸದು ಹೊಲಿಸಬಹುದು, ಗಂಟನ್ನೂ ಸರಿಮಾಡಬಹುದು. ಆ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.

ಬೆನ್ನ ಮೇಲೆ ಇಟ್ಟು ನೋಡುವಾಗ

ಮಾರುವವರು ಕೆಲವು ದಿನ ಪರೀಕ್ಷೆಗೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಕೊಡದಿದ್ದರೆ ಪೋನಿ ಇರುವಲ್ಲಿಗೇ ತರಿಸಿ ನೋಡಿ. ಮೊದಲ ಸಲ ಮೆತ್ತೆ ಬೇಡ, ಗರ್ತ್ ಬೇಡ. ತೆಳು ಹತ್ತಿಬಟ್ಟೆ ಒಂದನ್ನು ಹಾಸಬಹುದು, ಜೀನು ಕೊಳೆಯಾಗದಿರಲು. ಜೀನನ್ನು ದಿಬ್ಬದ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿ. ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಹೆಗಲೆಲುಬಿನ ಮೇಲೆ ಇಟ್ಟು ನೋಡಿ ‘ಇಕ್ಕಟ್ಟು’ ಎನ್ನುವವರೇ ಬಹಳ.

ದಿಬ್ಬದ ಮೇಲೆ ಎರಡು ಮೂರು ಬೆರಳು ಹೋಗುವಷ್ಟು ಖಾಲಿ ಇರಲಿ, ಪಕ್ಕದಲ್ಲೂ. ಹಿಂದಿನಿಂದ ನೋಡಿದರೆ ಎರಡು ಬದಿಯ ಪ್ಯಾನೆಲ್ಲುಗಳ ನಡುವಿನ ಕಾಲುವೆಯಲ್ಲಿ ಬೆಳಕು ಕಾಣಬೇಕು, ಅದರ ಅಗಲ ಮೂರರಿಂದ ನಾಲ್ಕು ಬೆರಳು, ಮುಂದಿನಿಂದ ಹಿಂದಿನವರೆಗೂ ಕಿರಿದಾಗದೆ. ಸೀಟಿನ ಮೇಲೆ ದುಂಡು ಪೆನ್ಸಿಲ್ ಅಡ್ಡ ಇಟ್ಟರೆ ಅದು ನಡುವಿನಲ್ಲಿ ನಿಲ್ಲಬೇಕು. ಮುಂದಕ್ಕೆ ಉರುಳಿದರೆ ಜೀನು ಅಗಲ ಹೆಚ್ಚಾಯಿತು, ಹಿಂದಕ್ಕೆ ಉರುಳಿದರೆ ಇಕ್ಕಟ್ಟಾಯಿತು ಎಂದು ಅನುಮಾನಿಸಿ. ಆಮೇಲೆ ಪ್ಯಾನೆಲ್ಲಿನಡಿ ಮುಂದಿನಿಂದ ಹಿಂದಕ್ಕೆ ಅಂಗೈ ಹಾಯಿಸಿ. ಒತ್ತಡ ಒಂದೇ ಸಮ ಇರಬೇಕು. ಮುಂದೂ ಹಿಂದೂ ಬಿಗಿ, ನಡುವೆ ಕೈ ಸಲೀಸು ಎಂದಾದರೆ ಜೀನು ಸೇತುವೆಯಂತೆ ಎರಡೇ ಕಡೆ ಊರಿದೆ. ನಡುವೆ ಮಾತ್ರ ಬಿಗಿಯಾಗಿದ್ದು ಹಿಂದೆ ಒತ್ತಿದರೆ ಮುಂದೆ ಏಳುವಂತಿದ್ದರೆ, ಅದೇ ತೂಗುಕುರ್ಚಿ.

ಗರ್ತ್ ಕಟ್ಟಿ ಸವಾರರನ್ನು ಕೂರಿಸಿ ಇದೆಲ್ಲವನ್ನೂ ಮತ್ತೆ ನೋಡಬೇಕು. ಭಾರ ಬಿದ್ದ ಮೇಲೆ ಜೀನು ಇಳಿಯುತ್ತದೆ. ದಿಬ್ಬದ ಮೇಲೆ ಆಗಲೂ ಕನಿಷ್ಠ ಒಂದೂವರೆ ಬೆರಳು ಬಿಡುವಿರಲಿ. ಅರ್ಧ ಗಂಟೆ ನಡಿಗೆ, ಲಘು ಓಟ ಮಾಡಿಸಿದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಸುತ್ತಲೂ ಒದ್ದೆಯಾಗಿದ್ದು ನಡುವೆ ಅಂಗೈಯಗಲ ಒಣ ತೇಪೆ ಇದ್ದರೆ, ಅಲ್ಲಿ ಒತ್ತಡ ಅತಿಯಾಗಿದೆ ಅಥವಾ ಜೀನು ತಾಗೇ ಇಲ್ಲ. ಯಾವುದೆಂದು ಅಂಗೈ ಪರೀಕ್ಷೆಯಿಂದ ತಿಳಿಯುತ್ತದೆ. ಕಿವಿ ಹಿಂದಕ್ಕೆ ಮಡಿಸುವುದು, ಬೆನ್ನು ಒತ್ತಿದರೆ ಕುಗ್ಗುವುದು, ಜೀನು ಕಂಡರೆ ಸರಿದು ನಿಲ್ಲುವುದು ಕೂಡ ಉತ್ತರಗಳೇ. ಒತ್ತಿದ ಜಾಗದಲ್ಲಿ ಬಿಳಿ ಕೂದಲು ಹುಟ್ಟುವ ಹೊತ್ತಿಗೆ ತಡವಾಗಿರುತ್ತದೆ.

ಸ್ವಲ್ಪ ಅಗಲವಾದ ಜೀನನ್ನು ಮುಂಭಾಗದಲ್ಲಿ ತೆಳು ಮೆತ್ತೆ ಸೇರಿಸಿ ಸರಿದೂಗಿಸಬಹುದು. ಇಕ್ಕಟ್ಟಾದುದಕ್ಕೆ ಮೆತ್ತೆ ಸೇರಿಸಿದಷ್ಟೂ ಇಕ್ಕಟ್ಟು. ಆದ್ದರಿಂದ ಎರಡರ ನಡುವೆ ಆಯ್ಕೆ ಬಂದರೆ ಕೂದಲೆಳೆ ಅಗಲದ್ದನ್ನೇ ಆರಿಸಿ.

ದುಂಡು ಪೋನಿಯ ಮೇಲೆ ಎಲ್ಲ ಸರಿಯಿದ್ದೂ ಜೀನು ಮುಂದಕ್ಕೆ ಜಾರುವುದುಂಟು. ಗರ್ತ್ ಕೂರುವ ತಗ್ಗು ಮುಂಗಾಲಿಗೆ ತೀರ ಹತ್ತಿರವಿದ್ದು, ನೇರ ಕೆಳಗಿಳಿಯಬೇಕಾದ ಪಟ್ಟಿಗಳು ಮುಂದಕ್ಕೆ ಎಳೆಯುವುದೇ ಇದಕ್ಕೆ ಕಾರಣ. ಚೌಕಟ್ಟಿನ ತುದಿಯಿಂದ ಹೊರಡುವ ಪಾಯಿಂಟ್ ಸ್ಟ್ರ್ಯಾಪ್ ಹೊಲಿಸಿ ಅದಕ್ಕೇ ಗರ್ತ್ ಕಟ್ಟಿದರೆ ಅನೇಕ ಸಲ ನಿಲ್ಲುತ್ತದೆ. ನಡುವೆ ಮುಂದಕ್ಕೆ ಚಾಚಿದ, ಮೊಣಕೈ ಬಳಿ ಕತ್ತರಿಸಿ ಹಿಂದೆ ಸರಿದ ಗರ್ತ್ ಕೂಡ ನೆರವಾಗುತ್ತದೆ. ಬಾಲದಡಿ ಹಾಯುವ ಕ್ರಪರ್ ಪಟ್ಟಿ ಕೊನೆಯ ಉಪಾಯ. ಅದಕ್ಕೆ ಪೋನಿಯನ್ನು ನಿಧಾನವಾಗಿ ಒಗ್ಗಿಸಬೇಕು, ಇಲ್ಲದಿದ್ದರೆ ಹಿಂಗಾಲೆತ್ತಿ ಒದೆಯುತ್ತದೆ. ಗರ್ತ್ ಅನ್ನು ಬಲವಾಗಿ ಬಿಗಿದು ನಿಲ್ಲಿಸಲು ನೋಡುವುದು ಉಪಾಯವೇ ಅಲ್ಲ.

ದುಡ್ಡು ಕೂಡುವ ತನಕ ಜೀನಿನ ಬದಲು ಬೆನ್ನಿಗೆ ಕಟ್ಟುವ ಮೆತ್ತೆಯಾದ ಬೇರ್‌ಬ್ಯಾಕ್ ಪ್ಯಾಡ್ ಸಾಕೆನ್ನುವವರಿಗೆ ಒಂದು ಮಾತು: ನಡಿಗೆಗೆ ಸರಿ, ಆದರೆ ಅದಕ್ಕೆ ಕಾಲೂರುವ ರಿಕಾಬು ಕಟ್ಟಬೇಡಿ. ಚೌಕಟ್ಟಿಲ್ಲದ ಕಾರಣ ರಿಕಾಬಿನ ಮೇಲೆ ಬಿದ್ದ ಭಾರವೆಲ್ಲ ಬೆನ್ನಿನ ಒಂದೇ ಪಟ್ಟಿಯ ಮೇಲೆ ಇಳಿಯುತ್ತದೆ, ಒಂದು ಕಾಲಿಗೆ ಭಾರ ಹೆಚ್ಚಾದರೆ ಪ್ಯಾಡ್ ಸವಾರರ ಸಮೇತ ಹೊಟ್ಟೆಯಡಿಗೆ ತಿರುಗುತ್ತದೆ.

ಜೀನು ಕೊಂಡ ಮೇಲೂ ರಟ್ಟನ್ನು ಎಸೆಯಬೇಡಿ. ಕೆಲಸ ಶುರುವಾದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಹೊಸ ಗೆರೆ ಎಳೆದು, ಹಳೆಯ ಕಾಗದದ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಗೆರೆ ಬೇರೆ ಬೇರೆಯಾಗಿ ಕಂಡ ದಿನ ಕಮಾನು ಬದಲಿಸಿ, ಅಥವಾ ಉಣ್ಣೆ ನೋಡಿಸಲು ಫಿಟ್ಟರ್‌ಗೆ ಹೇಳಿಕಳಿಸಿ.